ಕೆಂಪು ರಕ್ತಕಣಗಳ ಉತ್ಪಾದನೆ ಕುಂದಿದಾಗ ಬರುವ ರಕ್ತಹೀನತೆ: ಪದೇ ಪದೇ ಕೇಳುವ ಪ್ರಶ್ನೆಗಳು

ರಕ್ತಪರೀಕ್ಷೆಯ ವರದಿ ಹಿಡಿದು ಬಂದವರು ಕೇಳಿದ, ಪತ್ರಗಳಲ್ಲಿ ಬರೆದು ಕಳುಹಿಸಿದ, ಫೋನಿನಲ್ಲಿ ವಿಚಾರಿಸಿದ ಪ್ರಶ್ನೆಗಳನ್ನು ಆದಷ್ಟೂ ಅವರದೇ ಮಾತಿನಲ್ಲಿ ಇಲ್ಲಿ ಕೊಟ್ಟಿದೆ. ಕಾಯಿಲೆಯ ಹೆಸರು ಗೊತ್ತಿಲ್ಲದವರು ಮೊದಲಿನಿಂದ ಓದಬಹುದು. ಹೆಸರು ತಿಳಿದವರು ನೇರವಾಗಿ ತಮ್ಮ ಪ್ರಶ್ನೆಗೆ ಹೋಗಬಹುದು.

## ಮೊದಲು ತಿಳಿಯಬೇಕಾದದ್ದು

"ರಕ್ತ ಕಮ್ಮಿ ಇದೆ ಅಂತಾರೆ. ಮೈಯಲ್ಲಿರೋ ರಕ್ತವೇ ಕಮ್ಮಿ ಆಗಿಬಿಡುತ್ತಾ?"

ಸಾಮಾನ್ಯವಾಗಿ ಇಲ್ಲ. ವಯಸ್ಕರ ದೇಹದಲ್ಲಿರುವ ಸುಮಾರು 5 ಲೀಟರ್ ರಕ್ತದ ಪ್ರಮಾಣ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಕಡಿಮೆಯಾಗುವುದು ಅದರಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್. ಒಂದು ಡೆಸಿಲೀಟರ್ ರಕ್ತದಲ್ಲಿ ಗಂಡಸರಿಗೆ 13 ಗ್ರಾಂ, ಹೆಂಗಸರಿಗೆ 12 ಗ್ರಾಂ, ಗರ್ಭಿಣಿಯರಿಗೆ 11 ಗ್ರಾಂಗಿಂತ ಕೆಳಗಿದ್ದರೆ ರಕ್ತಹೀನತೆ ಎನ್ನುವುದು ಬಹುಕಾಲದಿಂದ ಬಳಕೆಯಲ್ಲಿರುವ ಅಳತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57ರಷ್ಟು ಮಂದಿ ಈ ಗೆರೆಯ ಕೆಳಗಿದ್ದರು. ಕರ್ನಾಟಕದಲ್ಲಿ ಈ ಪ್ರಮಾಣ ಶೇ. 48ರ ಆಸುಪಾಸಿನಲ್ಲಿತ್ತು.

ಈ ಗೆರೆಯ ಕೆಳಗಿಳಿಯಲು ಮೂರು ದಾರಿಗಳಿವೆ: ರಕ್ತ ಸೋರಿಹೋಗುವುದು, ಹುಟ್ಟಿದ ಕಣಗಳು ಅವಧಿಗೆ ಮುನ್ನವೇ ಒಡೆಯುವುದು, ಇಲ್ಲವೇ ಕಣಗಳು ಬೇಕಾದಷ್ಟು ಹುಟ್ಟದಿರುವುದು. ಈ ಪುಟ ಮೂರನೆಯದಕ್ಕೆ ಮೀಸಲು. ಆದರೆ ಸೋರಿಕೆ ಬಹಳ ಕಾಲ ಮುಂದುವರಿದರೆ ಕಬ್ಬಿಣಾಂಶ ಬರಿದಾಗಿ ಉತ್ಪಾದನೆಯೂ ನಿಲ್ಲುವುದರಿಂದ, ಮೊದಲನೆಯದರ ಮಾತೂ ಅಲ್ಲಲ್ಲಿ ಬರುತ್ತದೆ.

"ರಕ್ತಕಣ ಎಲ್ಲಿ ಹುಟ್ಟುತ್ತೆ? ಅದಕ್ಕೆ ಏನೇನು ಬೇಕು?"

ವಯಸ್ಕರಲ್ಲಿ ಸೊಂಟದ ಮೂಳೆ, ಎದೆಮೂಳೆ, ಪಕ್ಕೆಲುಬು, ಬೆನ್ನೆಲುಬುಗಳ ಒಳಗಿನ ಮೆತ್ತನೆಯ ಕೆಂಪು ಮಜ್ಜೆಯಲ್ಲಿ ಕೆಂಪು ಕಣಗಳು ಸೆಕೆಂಡಿಗೆ ಸುಮಾರು 20 ಲಕ್ಷದಂತೆ ಹುಟ್ಟುತ್ತಿರುತ್ತವೆ. ಒಂದೊಂದು ಕಣದ ಆಯಸ್ಸು ಸುಮಾರು 120 ದಿನ. ಎಷ್ಟು ಕಣ ಬೇಕು ಎಂದು ಮಜ್ಜೆಗೆ ಹೇಳಿ ಕಳುಹಿಸುವುದು ಮೂತ್ರಪಿಂಡ. ರಕ್ತದಲ್ಲಿ ಆಮ್ಲಜನಕ ಕುಂದಿದ್ದನ್ನು ಗುರುತಿಸಿ ಅದು ಎರಿತ್ರೊಪೊಯೆಟಿನ್ ಎಂಬ ಹಾರ್ಮೋನನ್ನು ಬಿಡುಗಡೆ ಮಾಡುತ್ತದೆ. ಹಿಮೋಗ್ಲೋಬಿನ್‌ಗೆ ಕಬ್ಬಿಣ ಮತ್ತು ಗ್ಲೋಬಿನ್ ಎಂಬ ಪ್ರೋಟೀನು ಬೇಕು. ಕಣ ವಿಭಜನೆಯಾಗುವಾಗ ಡಿಎನ್‌ಎ ತಯಾರಾಗಲು ಬಿ12 ಮತ್ತು ಫೋಲಿಕ್ ಆಮ್ಲ ಬೇಕು. ಇವೆಲ್ಲಕ್ಕೂ ಮೊದಲು ಮಜ್ಜೆಯಲ್ಲಿ ಆರೋಗ್ಯವಂತ ಮೂಲಕೋಶಗಳಿರಬೇಕು. ಬಿತ್ತನೆ ಬೀಜ, ಗೊಬ್ಬರ, ನೀರು ಇವುಗಳಲ್ಲಿ ಯಾವುದು ತಪ್ಪಿದರೂ ಬೆಳೆ ಕೈಕೊಡುವಂತೆ, ಇವುಗಳಲ್ಲಿ ಯಾವುದು ತಪ್ಪಿದರೂ ಕೊನೆಗೆ ವರದಿಯಲ್ಲಿ ಕಾಣುವುದು ಹಿಮೋಗ್ಲೋಬಿನ್ ಇಳಿದ ಒಂದೇ ಅಂಕಿ. ಆದ್ದರಿಂದ "ಎಚ್‌ಬಿ 8 ಇದೆ, ಯಾವ ಟಾನಿಕ್ ಕುಡಿಯಲಿ?" ಎಂಬ ಪ್ರಶ್ನೆಗೆ, ಕೊರತೆ ಯಾವುದರದ್ದೆಂದು ತಿಳಿಯುವವರೆಗೂ ಉತ್ತರವಿರುವುದಿಲ್ಲ.

"ರಿಪೋರ್ಟ್ ನೋಡಿದರೆ ಉತ್ಪಾದನೆಯೇ ಕಮ್ಮಿ ಅಂತ ಹೇಗೆ ಗೊತ್ತಾಗುತ್ತೆ?"

ಎರಡು ಅಂಕಿಗಳನ್ನು ಹುಡುಕಬೇಕು. ಒಂದು, ರೆಟಿಕ್ಯುಲೊಸೈಟ್ ಎಣಿಕೆ. ಇವು ಮಜ್ಜೆಯಿಂದ ಆಗತಾನೆ ಹೊರಬಂದ ಎಳೆಯ ಕಣಗಳು, ಆರೋಗ್ಯವಂತರಲ್ಲಿ ಒಟ್ಟು ಕೆಂಪು ಕಣಗಳ ಶೇ. 0.5ರಿಂದ 2.5ರಷ್ಟಿರುತ್ತವೆ. ರಕ್ತ ಸೋರುತ್ತಿದ್ದರೆ ಅಥವಾ ಕಣಗಳು ಒಡೆಯುತ್ತಿದ್ದರೆ ಮಜ್ಜೆ ಅವಸರದಿಂದ ದುಡಿದು ಈ ಎಣಿಕೆ ಏರುತ್ತದೆ. ಹಿಮೋಗ್ಲೋಬಿನ್ ಇಳಿದಿದ್ದರೂ ಇದು ಏರದಿದ್ದರೆ ತೊಂದರೆ ಉತ್ಪಾದನೆಯಲ್ಲಿದೆ. ಇದು ಅಗ್ಗದ ಪರೀಕ್ಷೆ. ಆದರೂ ಚೀಟಿಯಲ್ಲಿ ಇದನ್ನು ಬರೆಯುವುದು ಕಡಿಮೆ ಎಂಬುದು ನನ್ನ ಹಳೆಯ ದೂರು.

ಎರಡನೆಯದು ಎಂಸಿವಿ, ಅಂದರೆ ಕಣದ ಸರಾಸರಿ ಗಾತ್ರ. ಅದು 80 ಫೆಮ್ಟೊಲೀಟರಿಗಿಂತ (ವರದಿಯಲ್ಲಿ fL) ಕಡಿಮೆ ಇದ್ದರೆ ಕಬ್ಬಿಣದ ಕೊರತೆ ಅಥವಾ ಗ್ಲೋಬಿನ್ ಕಡಿಮೆ ತಯಾರಾಗುವ ಆನುವಂಶಿಕ ಕಾಯಿಲೆಯಾದ ಥಲಸೀಮಿಯಾದ ಕಡೆಗೆ ನೋಟ ಹರಿಯುತ್ತದೆ. 100ಕ್ಕಿಂತ ಹೆಚ್ಚಿದ್ದರೆ ಬಿ12, ಫೋಲಿಕ್ ಆಮ್ಲ, ಮದ್ಯಪಾನ, ಥೈರಾಯ್ಡ್ ಅಥವಾ ಮಜ್ಜೆಯ ಕಾಯಿಲೆಗಳನ್ನು ವಿಚಾರಿಸಬೇಕು. ನಡುವೆ ಇದ್ದರೆ ಮೂತ್ರಪಿಂಡ ಮತ್ತು ದೀರ್ಘಕಾಲದ ಕಾಯಿಲೆಗಳನ್ನು ಮರೆಯಬಾರದು. ಕಬ್ಬಿಣ, ಬಿ12 ಎರಡೂ ಒಟ್ಟಿಗೆ ಕಡಿಮೆಯಾದಾಗ ಸಣ್ಣ ಕಣ, ದೊಡ್ಡ ಕಣ ಬೆರೆತು ಸರಾಸರಿ ಸರಿಯಾಗಿಯೇ ಕಾಣುತ್ತದೆ. ನಮ್ಮಲ್ಲಿ ಇದು ಅಪರೂಪವಲ್ಲ. ಯಂತ್ರ ಮೋಸಹೋಗುವ ಇಂಥ ಕಡೆ, ಗಾಜಿನ ಪಟ್ಟಿಯ ಮೇಲೆ ರಕ್ತದ ಹನಿಯನ್ನು ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ನಡುವೆ ಬಿಳಿಚಿ ಅಂಚಿನಲ್ಲಷ್ಟೇ ಕೆಂಪು ಉಳಿದ ಪುಟ್ಟ ಬಳೆಯಂಥ ಕಣಗಳೂ ಮೊಟ್ಟೆಯಾಕಾರದ ದೊಡ್ಡ ಕಣಗಳೂ ಅಕ್ಕಪಕ್ಕದಲ್ಲಿ ಕಾಣುತ್ತವೆ.

## ಕಬ್ಬಿಣದ ಕೊರತೆ

"ಮಗಳು ಹಸಿ ಅಕ್ಕಿ, ಬಳಪ ತಿಂತಾಳೆ. ಬೈದರೂ ಬಿಡಲ್ಲ. ಇದಕ್ಕೂ ರಕ್ತಕ್ಕೂ ಸಂಬಂಧ ಇದೆಯಾ?"

ಇದೆ. ಹಸಿ ಅಕ್ಕಿ, ಬಳಪ, ಸೀಮೆಸುಣ್ಣ, ಮಣ್ಣು, ವಿಭೂತಿ, ಐಸ್ ಇವುಗಳನ್ನು ತಿನ್ನಬೇಕೆಂಬ ತಡೆಯಲಾಗದ ಬಯಕೆ ಕಬ್ಬಿಣದ ಕೊರತೆಯ ಲಕ್ಷಣವಾಗಿರಬಹುದು. ಗರ್ಭಿಣಿಯರಲ್ಲಿ ಇದನ್ನು "ಬಯಕೆ" ಎಂದೂ ಮಕ್ಕಳಲ್ಲಿ "ಕೆಟ್ಟ ಚಟ" ಎಂದೂ ಕರೆದು ಕೈಬಿಡುತ್ತೇವೆ. ಬೈಯುವುದಕ್ಕಿಂತ ಹಿಮೋಗ್ಲೋಬಿನ್ ಜೊತೆಗೆ, ದೇಹದಲ್ಲಿ ಶೇಖರವಾದ ಕಬ್ಬಿಣ ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಕಬ್ಬಿಣ ಕೊಡಲು ಆರಂಭಿಸಿದ ಮೇಲೆ, ಹಿಮೋಗ್ಲೋಬಿನ್ ಏರುವುದಕ್ಕೂ ಮೊದಲೇ ಈ ಬಯಕೆ ತಾನಾಗಿ ಬಿಟ್ಟುಹೋಗುವುದುಂಟು. ಉಗುರು ಚಮಚದಂತೆ ಗುಳಿಬೀಳುವುದು, ಬಾಯಿಯ ಮೂಲೆ ಒಡೆಯುವುದು, ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು ಉಳಿದ ಸುಳಿವುಗಳು. ಮಣ್ಣು ತಿನ್ನುವ ಮಕ್ಕಳಿಗೆ ಜಂತುಹುಳುವಿನ ಮಾತ್ರೆಯನ್ನೂ ಕೊಡಿಸಬೇಕು.

"ಬೀಟ್‌ರೂಟ್, ದಾಳಿಂಬೆ ದಿನಾ ಕೊಡ್ತಿದ್ದೀವಿ. ಆದರೂ ಎಚ್‌ಬಿ ಯಾಕೆ ಏರ್ತಿಲ್ಲ?"

ಬಣ್ಣ ಕೆಂಪಾದ ಮಾತ್ರಕ್ಕೆ ಕಬ್ಬಿಣವಿರುವುದಿಲ್ಲ. 100 ಗ್ರಾಂ ಬೀಟ್‌ರೂಟಿನಲ್ಲಿ 1 ಮಿಲಿಗ್ರಾಂ ಕಬ್ಬಿಣವೂ ಇಲ್ಲ, ದಾಳಿಂಬೆಯಲ್ಲಿ ಅದಕ್ಕಿಂತಲೂ ಕಡಿಮೆ. ರಾಗಿಯಲ್ಲಿ 4 ಮಿಲಿಗ್ರಾಂಗಿಂತ ಹೆಚ್ಚಿದೆ. ಆದರೆ ಅದರಲ್ಲಿರುವ ಫೈಟೇಟ್ ಮತ್ತು ಟ್ಯಾನಿನ್‌ಗಳು ಕಬ್ಬಿಣವನ್ನು ಕಟ್ಟಿಹಾಕುವುದರಿಂದ ಕರುಳಿಗೆ ದಕ್ಕುವುದು ಸ್ವಲ್ಪವೇ. ರಾಗಿಯನ್ನು ಮೊಳಕೆ ಕಟ್ಟಿ ಹುರಿಟ್ಟು ಮಾಡುವ ಪದ್ಧತಿಯಲ್ಲಿ ಫೈಟೇಟ್ ಇಳಿಯುತ್ತದೆ, ಹಿರಿಯರ ಆ ಕ್ರಮ ಸರಿಯಾದದ್ದೇ. ಸಸ್ಯಾಹಾರದಲ್ಲಿರುವ ಕಬ್ಬಿಣದಲ್ಲಿ ದೇಹ ಹೀರಿಕೊಳ್ಳುವುದು ಸಾಮಾನ್ಯವಾಗಿ ಶೇ. 10ಕ್ಕಿಂತ ಕಡಿಮೆ. ಮಾಂಸ, ಮೀನು, ಯಕೃತ್ತಿನಲ್ಲಿರುವ ಕಬ್ಬಿಣ ಇದಕ್ಕಿಂತ ಸುಲಭವಾಗಿ ದಕ್ಕುತ್ತದೆ.

ಮನೆಯಲ್ಲಿ ಮಾಡಬಹುದಾದ ಬದಲಾವಣೆಗಳು ಸಣ್ಣವು. ಸೊಪ್ಪಿನ ಪಲ್ಯಕ್ಕೆ, ಕಾಳಿನ ಉಸಲಿಗೆ ನಿಂಬೆಹಣ್ಣು ಹಿಂಡಬೇಕು, ಊಟದ ಜೊತೆ ಸೀಬೆಹಣ್ಣೋ ನೆಲ್ಲಿಕಾಯಿಯೋ ಇರಬೇಕು. ಕಬ್ಬಿಣದ ಬಾಣಲೆಯಲ್ಲಿ ಹುಳಿ ಪದಾರ್ಥ ಬೇಯಿಸಿದರೆ ಒಂದಷ್ಟು ಕಬ್ಬಿಣ ಅಡುಗೆಗೇ ಇಳಿಯುತ್ತದೆ. ಊಟ ಮುಗಿಸಿದ ಕೂಡಲೇ ಕುಡಿಯುವ ಟೀ ಅದೇ ಊಟದ ಕಬ್ಬಿಣದ ಹೀರುವಿಕೆಯನ್ನು ಅರ್ಧಕ್ಕಿಂತಲೂ ಕೆಳಗಿಳಿಸಬಲ್ಲದು, ಕಾಫಿಯೂ ಹಾಗೆಯೇ ಅಡ್ಡಿಪಡಿಸುತ್ತದೆ. ಒಂದು ಗಂಟೆಯ ಅಂತರ ಇಟ್ಟರೆ ಸಾಕು. ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ: ಈಗಾಗಲೇ 8 ಗ್ರಾಂಗೆ ಇಳಿದಿರುವ ಹಿಮೋಗ್ಲೋಬಿನ್ ಅನ್ನು ಅಡುಗೆಮನೆಯಿಂದ ಏರಿಸಲಾಗದು. ಆಹಾರ ಇರುವುದು ಮತ್ತೆ ಇಳಿಯದಂತೆ ಕಾಯಲು, ಏರಿಸಲು ಔಷಧವೇ ಬೇಕು.

"ಐರನ್ ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತೆ, ಮಲ ಕಪ್ಪಾಗುತ್ತೆ. ನಿಲ್ಲಿಸಬಹುದಾ?"

ಮಲ ಕಪ್ಪಾಗುವುದು ಹೀರಿಕೊಳ್ಳದೆ ಉಳಿದ ಕಬ್ಬಿಣದಿಂದ, ಅದರಿಂದ ಅಪಾಯವಿಲ್ಲ. ಹೊಟ್ಟೆ ತೊಳಸಿದರೆ ನಿಲ್ಲಿಸುವ ಬದಲು ವೈದ್ಯರನ್ನು ಕೇಳಿ ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದು. ಒಂದು ಡೋಸ್ ನುಂಗಿದ ಮೇಲೆ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಏರಿಸಿ ಸುಮಾರು 24 ಗಂಟೆ ಕಾಲ ಕರುಳಿನ ಬಾಗಿಲನ್ನು ಅರ್ಧ ಮುಚ್ಚುತ್ತದೆ. ಆದ್ದರಿಂದ ದಿನಕ್ಕೆ ಎರಡು ಮೂರು ಮಾತ್ರೆ ನುಂಗುವುದರಿಂದ ಲಾಭಕ್ಕಿಂತ ಹೊಟ್ಟೆನೋವೇ ಹೆಚ್ಚು ಎಂದು ಈಚಿನ ಅಧ್ಯಯನಗಳು ತೋರಿಸಿವೆ. ಆದರೆ ಗರ್ಭಿಣಿಯರು ತಾವಾಗಿಯೇ ಬದಲಾಯಿಸಿಕೊಳ್ಳಬಾರದು, ಆಶಾ ಕಾರ್ಯಕರ್ತೆ ಕೊಡುವ ಕೆಂಪು ಮಾತ್ರೆಯನ್ನು ಹೇಳಿದಂತೆ ದಿನವೂ ನುಂಗಬೇಕು. ಶಾಲೆಯಲ್ಲಿ ಹದಿಹರೆಯದವರಿಗೆ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವೂ 500 ಮೈಕ್ರೊಗ್ರಾಂ ಫೋಲಿಕ್ ಆಮ್ಲವೂ ಇರುತ್ತವೆ. ಹಾಲು ಮತ್ತು ಕ್ಯಾಲ್ಸಿಯಂ ಮಾತ್ರೆಯ ಜೊತೆ ಇವನ್ನು ನುಂಗಬಾರದು. ಹಿಮೋಗ್ಲೋಬಿನ್ ಸರಿಯಾದ ಮೇಲೂ ಸುಮಾರು 3 ತಿಂಗಳು ಮುಂದುವರಿಸಿದರೆ ಮಾತ್ರ ದೇಹದ ಕಬ್ಬಿಣದ ಉಗ್ರಾಣ ತುಂಬುತ್ತದೆ.

"ಎರಡು ತಿಂಗಳಿಂದ ಮಾತ್ರೆ ತಗೊಂಡರೂ ಏರಿಲ್ಲ. ಈಗೇನು ಮಾಡೋದು?"

ಸರಿಯಾದ ಔಷಧ ಸರಿಯಾಗಿ ಸೇರಿದರೆ 3–4 ವಾರಗಳಲ್ಲಿ 1ರಿಂದ 2 ಗ್ರಾಂ ಏರಬೇಕು. ಏರದಿದ್ದರೆ ಅದೇ ಮಾತ್ರೆಯ ಇನ್ನೊಂದು ಡಬ್ಬಿ ಕೊಳ್ಳುವುದು ವ್ಯರ್ಥ. ಮುಟ್ಟಿನ ಅತಿಸ್ರಾವ, ಮೂಲವ್ಯಾಧಿ, ಜಠರದ ಹುಣ್ಣು, ಕೊಕ್ಕೆಹುಳು ಮುಂತಾದವುಗಳಿಂದ ರಕ್ತ ಹೋಗುತ್ತಲೇ ಇರಬಹುದು. ಗೋಧಿಯಲ್ಲಿರುವ ಗ್ಲುಟೆನ್ ಒಗ್ಗದೆ ಕರುಳು ಕೆಡುವ ಸೀಲಿಯಾಕ್ ಕಾಯಿಲೆಯಿಂದ ಅಥವಾ ಅಸಿಡಿಟಿಯ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವುದರಿಂದ ಕರುಳು ಹೀರದಿರಬಹುದು. ಗಂಡಸರಲ್ಲಿ ಮತ್ತು ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣದ ಕೊರತೆ ಕಂಡರೆ, ಜಠರ ಮತ್ತು ದೊಡ್ಡ ಕರುಳನ್ನು ಎಂಡೋಸ್ಕೋಪಿಯಲ್ಲಿ ನೋಡುವವರೆಗೂ ವಿಷಯ ಮುಗಿಯುವುದಿಲ್ಲ, ಏಕೆಂದರೆ ಕರುಳಿನ ಕ್ಯಾನ್ಸರ್ ಮೊದಲು ಹೀಗೆಯೇ ಕಾಣಿಸಿಕೊಳ್ಳಬಹುದು.

ಇನ್ನೊಂದು ಸಾಧ್ಯತೆ, ಅದು ಕಬ್ಬಿಣದ ಕೊರತೆಯೇ ಆಗಿರದಿರುವುದು. ಬೀಟಾ ಥಲಸೀಮಿಯಾದ ವಾಹಕರಲ್ಲಿ (ತಂದೆ ಅಥವಾ ತಾಯಿ ಒಬ್ಬರಿಂದ ಮಾತ್ರ ದೋಷದ ಜೀನ್ ಪಡೆದವರಲ್ಲಿ) ಗ್ಲೋಬಿನ್ ಕಡಿಮೆ ತಯಾರಾಗುವುದರಿಂದ ಕಣ ಬಹಳ ಸಣ್ಣದಾಗಿರುತ್ತದೆ, ಆದರೆ ಕಣಗಳ ಸಂಖ್ಯೆ ಹೆಚ್ಚಿರುತ್ತದೆ. ಎಂಸಿವಿಯನ್ನು ಕೆಂಪು ಕಣಗಳ ಎಣಿಕೆಯಿಂದ (ಒಂದು ಮೈಕ್ರೊಲೀಟರಿಗೆ ಎಷ್ಟು ದಶಲಕ್ಷ ಎಂಬ ಅಂಕಿ) ಭಾಗಿಸಿದಾಗ 13ಕ್ಕಿಂತ ಕಡಿಮೆ ಬಂದರೆ ಅನುಮಾನಿಸಿ ಹಿಮೋಗ್ಲೋಬಿನ್ ಎ2 ಪರೀಕ್ಷೆ ಮಾಡಿಸುತ್ತಾರೆ. ವಾಹಕರಿಗೆ ವರ್ಷಗಟ್ಟಲೆ ಸುಮ್ಮನೆ ಕಬ್ಬಿಣ ಕೊಟ್ಟು ಉಪಯೋಗವಿಲ್ಲ. ಆದರೆ ಮದುವೆಗೆ ಮುನ್ನ, ಇಲ್ಲವೇ ಗರ್ಭಧಾರಣೆಗೆ ಮುನ್ನ ಸಂಗಾತಿಯ ಪರೀಕ್ಷೆ ಆಗಲೇಬೇಕು: ಇಬ್ಬರೂ ವಾಹಕರಾದರೆ ಪ್ರತಿ ಗರ್ಭದಲ್ಲೂ ಶೇ. 25ರಷ್ಟು ಸಂಭವದಲ್ಲಿ ಮಗುವಿಗೆ ತೀವ್ರ ಥಲಸೀಮಿಯಾ ಬರುತ್ತದೆ.

## ಬಿ12 ಮತ್ತು ಫೋಲಿಕ್ ಆಮ್ಲ

"ನಾವು ಸಸ್ಯಾಹಾರಿಗಳು ನಿಜ, ಆದರೆ ಹಾಲು ಮೊಸರು ಇದ್ದೇ ಇರುತ್ತೆ. ಬಿ12 ಯಾಕೆ ಕಮ್ಮಿ?"

ದಿನಕ್ಕೆ ಬೇಕಿರುವುದು ಸುಮಾರು 2 ಮೈಕ್ರೊಗ್ರಾಂ. ಇದು ಸೊಪ್ಪು, ಕಾಳು, ಧಾನ್ಯಗಳಲ್ಲಿ ಇಲ್ಲ. ಒಂದು ದೊಡ್ಡ ಲೋಟ ಹಾಲಿನಲ್ಲಿ ಸುಮಾರು 1 ಮೈಕ್ರೊಗ್ರಾಂ ಇದ್ದು, ಕುದಿಸಿದಷ್ಟೂ ಅದು ಇಳಿಯುತ್ತದೆ. "ಹಾಲು ಮೊಸರು ಇರುತ್ತೆ" ಎನ್ನುವವರನ್ನು ಬಿಡಿಸಿ ಕೇಳಿದರೆ, ಎರಡು ಹೊತ್ತಿನ ಕಾಫಿಗೆ ಬೆರೆಸಿದ ಹಾಲು ಮತ್ತು ರಾತ್ರಿಯ ನೀರುಮಜ್ಜಿಗೆಯಷ್ಟೇ ಲೆಕ್ಕಕ್ಕೆ ಸಿಗುತ್ತದೆ. ಯಕೃತ್ತಿನ ಸಂಗ್ರಹ ವರ್ಷಗಟ್ಟಲೆ ಸಾಲುವುದರಿಂದ ಕೊರತೆ ಕಾಣಿಸಿಕೊಳ್ಳುವುದೂ ನಿಧಾನ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಬಿ12 ಹೀರುವಿಕೆ ಕುಂದುತ್ತದೆ.

ಮಾಂಸ ತಿನ್ನುವವರಿಗೂ ಇದು ಬರಬಹುದು. ಬಿ12 ಕರುಳಿನಲ್ಲಿ ಹೀರಲ್ಪಡಲು ಜಠರ ಸ್ರವಿಸುವ ಇಂಟ್ರಿನ್ಸಿಕ್ ಫ್ಯಾಕ್ಟರ್ ಎಂಬ ಪ್ರೋಟೀನು ಬೇಕು. ದೇಹದ ರೋಗನಿರೋಧಕ ಶಕ್ತಿ ಜಠರದ ಆ ಕೋಶಗಳನ್ನೇ ನಾಶಮಾಡಿದಾಗ ಬರುವುದು ಪರ್ನಿಷಿಯಸ್ ರಕ್ತಹೀನತೆ. ಅಂಥವರಿಗೆ ಚುಚ್ಚುಮದ್ದು ಅಥವಾ ಬಹಳ ಹೆಚ್ಚಿನ ಪ್ರಮಾಣದ ಮಾತ್ರೆ ಜೀವನಪೂರ್ತಿ ಬೇಕು. ಒಂದು ಕಾಲಕ್ಕೆ ಇದು ಸಾವಿನ ಕಾಯಿಲೆ. 1926ರಲ್ಲಿ ಮೈನಾಟ್ ಮತ್ತು ಮರ್ಫಿ ಎಂಬ ಅಮೆರಿಕದ ವೈದ್ಯರು ರೋಗಿಗಳಿಗೆ ದಿನವೂ ಯಕೃತ್ತನ್ನು ತಿನ್ನಿಸಿ ಬದುಕಿಸಿದರು. ಆ ಯಕೃತ್ತಿನಲ್ಲಿದ್ದದ್ದು ಬಿ12 ಎಂದು ಗೊತ್ತಾದದ್ದು 1948ರಲ್ಲಿ.

"ಫೋಲಿಕ್ ಆಸಿಡ್ ಮಾತ್ರೆ ಅಗ್ಗ, ಅದೊಂದೇ ಸಾಕಲ್ವಾ?"

ಸಾಲದು, ಮತ್ತು ಇದು ಅಪಾಯಕಾರಿ. ಬಿ12, ಫೋಲಿಕ್ ಆಮ್ಲ ಎರಡರ ಕೊರತೆಯಲ್ಲೂ ಕಣಗಳು ದೊಡ್ಡವಾಗುತ್ತವೆ, ಬಿಳಿ ಕಣದ ಕೇಂದ್ರ ಐದಾರು ಹಾಲೆಗಳಾಗಿ ಸೀಳುತ್ತದೆ. ಗಾಜಿನ ಪಟ್ಟಿಯ ಮೇಲೆ ಇವೆರಡನ್ನೂ ಬೇರೆಯಾಗಿ ಗುರುತಿಸಲಾಗದು. ಬಿ12 ಕೊರತೆ ಇರುವವರಿಗೆ ಫೋಲಿಕ್ ಆಮ್ಲವನ್ನಷ್ಟೇ ಕೊಟ್ಟರೆ ಹಿಮೋಗ್ಲೋಬಿನ್ ಏರಿ ಎಲ್ಲರಿಗೂ ನೆಮ್ಮದಿಯಾಗುತ್ತದೆ, ಆದರೆ ಒಳಗೆ ಬೆನ್ನುಹುರಿಯ ಮತ್ತು ನರಗಳ ಹಾನಿ ಮುಂದುವರಿಯುತ್ತಲೇ ಇರುತ್ತದೆ. ಪಾದಗಳಲ್ಲಿ ಜೋಮು, ಕತ್ತಲಲ್ಲಿ ನಡೆಯುವಾಗ ಓಲಾಟ, ಮರೆವು ಇದರ ಗುರುತುಗಳು. ತಡವಾದರೆ ಇವು ಪೂರ್ತಿ ವಾಸಿಯಾಗುವುದಿಲ್ಲ.

ಫೋಲಿಕ್ ಆಮ್ಲದ ಕಥೆಗೆ ನಮ್ಮ ನೆಲದ ನಂಟಿದೆ. 1928ರಲ್ಲಿ ಮುಂಬೈಗೆ ಬಂದ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ, ಬಟ್ಟೆಗಿರಣಿಗಳ ಬಡ ಗರ್ಭಿಣಿಯರ ದೊಡ್ಡ ಕಣದ ರಕ್ತಹೀನತೆಯನ್ನು ಅಭ್ಯಾಸ ಮಾಡಿ, ಮಾರ್ಮೈಟ್ ಎಂಬ ಅಗ್ಗದ ಯೀಸ್ಟ್ ಸಾರದಿಂದ ಅದು ವಾಸಿಯಾಗುತ್ತದೆಂದು 1931ರಲ್ಲಿ ಪ್ರಕಟಿಸಿದರು. ಆ ಸಾರದಲ್ಲಿದ್ದ ವಸ್ತುವೇ ಫೋಲಿಕ್ ಆಮ್ಲ. ಅದನ್ನು 1945ರಲ್ಲಿ ಪ್ರಯೋಗಾಲಯದಲ್ಲಿ ತಯಾರಿಸಿದ ತಂಡದ ಮುಂದಾಳು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾವ್.

## ಬೇರೆ ಕಾಯಿಲೆಯ ನೆರಳಿನಲ್ಲಿ ಬರುವ ರಕ್ತಹೀನತೆ

"ಅಪ್ಪಾಜಿಗೆ ಡಯಾಲಿಸಿಸ್ ಆಗ್ತಿದೆ. ಕಿಡ್ನಿ ಕೆಟ್ಟರೆ ರಕ್ತ ಯಾಕೆ ಕಮ್ಮಿ ಆಗಬೇಕು?"

ಕಿಡ್ನಿ ಕುಂದಿದಾಗ ಎರಿತ್ರೊಪೊಯೆಟಿನ್ ಬೇಕಾದಷ್ಟು ಬರುವುದಿಲ್ಲ, ಮಜ್ಜೆಗೆ ಸುದ್ದಿಯೇ ಮುಟ್ಟುವುದಿಲ್ಲ. 1989ರಿಂದ ಈ ಹಾರ್ಮೋನು ಚುಚ್ಚುಮದ್ದಾಗಿ ಸಿಗುತ್ತಿದೆ. ಇದು ಕೆಲಸ ಮಾಡಬೇಕಾದರೆ ದೇಹದಲ್ಲಿ ಕಬ್ಬಿಣ ಇರಬೇಕು, ಅದಕ್ಕಾಗಿ ಡಯಾಲಿಸಿಸ್ ವೇಳೆ ರಕ್ತನಾಳದ ಮೂಲಕ ಕಬ್ಬಿಣ ಕೊಡುತ್ತಾರೆ. "ಇನ್ನೂ ಏರಿಸಿ" ಎಂದು ಮನೆಯವರು ಒತ್ತಾಯಿಸುವುದುಂಟು. ಆದರೆ ಈ ಚುಚ್ಚುಮದ್ದಿನಿಂದ ಹಿಮೋಗ್ಲೋಬಿನ್ ಅನ್ನು 13ರ ಮಟ್ಟಕ್ಕೆ ಏರಿಸಿದಾಗ ಪಾರ್ಶ್ವವಾಯು ಮತ್ತು ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ ಎಂದು ದೊಡ್ಡ ಅಧ್ಯಯನಗಳು ತೋರಿಸಿದ್ದರಿಂದ, 10ರಿಂದ 11.5ರ ನಡುವೆ ಇಡುವುದೇ ವಾಡಿಕೆ.

"ಫೆರಿಟಿನ್ ಜಾಸ್ತಿ ಇದೆ, ಆದರೂ ರಕ್ತಹೀನತೆ ಅಂತಾರೆ. ರಿಪೋರ್ಟ್ ತಪ್ಪಾ?"

ತಪ್ಪಲ್ಲ. ಕೀಲುವಾತ, ಕ್ಷಯ, ಕ್ಯಾನ್ಸರ್, ಮಾಸದ ಹುಣ್ಣು ಮುಂತಾದ ಉರಿಯೂತ ಬಹುಕಾಲ ಇದ್ದಾಗ ಹೆಪ್ಸಿಡಿನ್ ಸತತವಾಗಿ ಏರಿರುತ್ತದೆ. ಉಗ್ರಾಣದಲ್ಲಿ ಕಬ್ಬಿಣ ತುಂಬಿದ್ದರೂ ಬೀಗ ಹಾಕಿದಂತಾಗಿ ಮಜ್ಜೆಗೆ ದಕ್ಕುವುದಿಲ್ಲ. ಸೋಂಕಿನ ರೋಗಾಣುಗಳಿಗೆ ಕಬ್ಬಿಣ ಸಿಗಬಾರದೆಂದು ದೇಹ ಹೂಡುವ ಉಪಾಯವಿದು ಎಂದು ಭಾವಿಸಲಾಗಿದೆ. ಮೂಲ ಕಾಯಿಲೆ ಹತೋಟಿಗೆ ಬಂದರೆ ಇದೂ ಸರಿಹೋಗುತ್ತದೆ. ಉರಿಯೂತ ಇರುವಾಗ ಫೆರಿಟಿನ್ ಸುಳ್ಳಾಗಿಯೂ ಏರುವುದರಿಂದ, ಜೊತೆಗೆ ರಕ್ತದಲ್ಲಿ ಸಾಗುತ್ತಿರುವ ಕಬ್ಬಿಣವನ್ನು ತೋರಿಸುವ ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ ಮತ್ತು ಉರಿಯೂತವನ್ನು ತೋರಿಸುವ ಸಿಆರ್‌ಪಿ ನೋಡಬೇಕು.

"ಟಿಬಿ ಮಾತ್ರೆಯಿಂದಲೂ ರಕ್ತ ಇಳಿಯುತ್ತಾ?"

ಇಳಿಯಬಹುದು. ಐಸೋನಿಯಜಿಡ್ ಔಷಧ ಬಿ6 ಜೀವಸತ್ವಕ್ಕೆ ಅಡ್ಡಿಪಡಿಸಿ, ಕಬ್ಬಿಣವಿದ್ದರೂ ಹಿಮೋಗ್ಲೋಬಿನ್ ಕಟ್ಟಲಾಗದ ಸೈಡರೊಬ್ಲಾಸ್ಟಿಕ್ ರಕ್ತಹೀನತೆ ತರಬಲ್ಲದು. ಅದರ ಜೊತೆ ಪಿರಿಡಾಕ್ಸಿನ್ (ಅಂದರೆ ಬಿ6) ಕೊಡುವುದು ಮುಖ್ಯವಾಗಿ ನರಗಳ ರಕ್ಷಣೆಗಾದರೂ, ಇದಕ್ಕೂ ಅದು ನೆರವಾಗುತ್ತದೆ. ಔಷಧ ನಿರೋಧಕ ಕ್ಷಯಕ್ಕೆ ಕೊಡುವ ಲೈನೆಜೊಲಿಡ್ ಮಜ್ಜೆಯನ್ನೇ ಕುಗ್ಗಿಸಬಲ್ಲದು, ಆ ಚಿಕಿತ್ಸೆಯಲ್ಲಿ ಆಗಾಗ ರಕ್ತಪರೀಕ್ಷೆ ಇರುವುದು ಅದಕ್ಕೇ. ಆದರೆ ಕ್ಷಯದ ಮಾತ್ರೆಯನ್ನು ಯಾರೂ ತಾವಾಗಿಯೇ ನಿಲ್ಲಿಸಬಾರದು.

## ಮಜ್ಜೆಯೇ ಸೋತಾಗ

"ಬೋನ್ ಮ್ಯಾರೋ ಟೆಸ್ಟ್ ಅಂದರೆ ಬೆನ್ನುಹುರಿಗೆ ಸೂಜಿ ಹಾಕ್ತಾರಾ? ಕಾಲು ಬಿದ್ದುಹೋಗಲ್ವಾ?"

ಈ ಭಯದಿಂದಲೇ ಎಷ್ಟೋ ಮಂದಿ ಪರೀಕ್ಷೆ ಮುಂದೂಡುತ್ತಾರೆ. ಸೂಜಿ ಹಾಕುವುದು ಸೊಂಟದ ಹಿಂಬದಿಯ ಮೂಳೆಯ ಉಬ್ಬಿಗೆ, ಬೆನ್ನುಹುರಿಗೂ ಅದಕ್ಕೂ ಸಂಬಂಧವಿಲ್ಲ. ಮಗ್ಗುಲಾಗಿ ಮಲಗಿಸಿ ಚರ್ಮಕ್ಕೂ ಮೂಳೆಯ ಹೊದಿಕೆಗೂ ಮರಗಟ್ಟುವ ಮದ್ದು ಕೊಡುತ್ತಾರೆ. ಸೂಜಿ ಒಳಹೋಗುವಾಗ ಒತ್ತಡವಷ್ಟೇ ತಿಳಿಯುತ್ತದೆ. ಸಿರಿಂಜಿನಿಂದ ಮಜ್ಜೆ ಎಳೆಯುವ ಕೆಲವು ಸೆಕೆಂಡು ಮಾತ್ರ ತೊಡೆಯವರೆಗೆ ಜಗ್ಗಿದಂಥ ವಿಚಿತ್ರ ನೋವಾಗುತ್ತದೆ, ಅದನ್ನು ಮೊದಲೇ ಹೇಳಿಬಿಟ್ಟರೆ ರೋಗಿ ಗಾಬರಿಯಾಗುವುದಿಲ್ಲ. ಎಳೆದ ಮಜ್ಜೆಯನ್ನು ಗಾಜಿನ ಮೇಲೆ ಓರೆಯಾಗಿಸಿದಾಗ ರಕ್ತ ಜಾರಿ, ತುಪ್ಪದ ಹರಳಿನಂಥ ಪುಟ್ಟ ಕಣಿಕೆಗಳು ಉಳಿದರೆ ಮಾದರಿ ಸರಿಯಾಗಿದೆ ಎಂದರ್ಥ. ಜೊತೆಗೆ ಒಂದೆರಡು ಸೆಂಟಿಮೀಟರ್ ಉದ್ದದ ಮೂಳೆಯ ತುಣುಕನ್ನೂ ತೆಗೆಯುತ್ತಾರೆ. ಅಂದೇ ನಡೆದು ಮನೆಗೆ ಹೋಗಬಹುದು.

"ಅಪ್ಲಾಸ್ಟಿಕ್ ಅನೀಮಿಯಾ ಅಂದರೆ ರಕ್ತದ ಕ್ಯಾನ್ಸರಾ?"

ಅಲ್ಲ. ಕ್ಯಾನ್ಸರಿನಲ್ಲಿ ಕೆಟ್ಟ ಕೋಶಗಳು ತುಂಬುತ್ತವೆ, ಇಲ್ಲಿ ಮಜ್ಜೆ ಖಾಲಿಯಾಗಿ ಆ ಜಾಗದಲ್ಲಿ ಕೊಬ್ಬು ತುಂಬುತ್ತದೆ. ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಮೂರೂ ಇಳಿಯುವುದರಿಂದ ಸುಸ್ತಿನ ಜೊತೆಗೆ ಜ್ವರ, ಒಸಡಿನಲ್ಲಿ ರಕ್ತ, ಮೈಮೇಲೆ ನೀಲಿ ಕಲೆಗಳು ಕಾಣುತ್ತವೆ. ಪಾಲ್ ಎರ್ಲಿಕ್ 1888ರಲ್ಲಿ ಇದನ್ನು ಒಬ್ಬ ಗರ್ಭಿಣಿಯಲ್ಲಿ ಮೊದಲು ವಿವರಿಸಿದರು. ಹೆಚ್ಚಿನವರಲ್ಲಿ ದೇಹದ ರೋಗನಿರೋಧಕ ಟಿ ಕೋಶಗಳೇ ಮೂಲಕೋಶಗಳ ಮೇಲೆ ಎರಗುತ್ತವೆ. ಬೆಂಜೀನ್ ಎಂಬ ರಾಸಾಯನಿಕ, ಕ್ಲೋರಾಂಫೆನಿಕಾಲ್ ಎಂಬ ಆ್ಯಂಟಿಬಯಾಟಿಕ್, ವಿಕಿರಣ, ಕೆಲವೊಮ್ಮೆ ಕಾಮಾಲೆಯ ನಂತರದ ಸ್ಥಿತಿ ಕೂಡ ಕಾರಣವಾಗುತ್ತವೆ. ರೇಡಿಯಂ ಕಂಡುಹಿಡಿದ ಮೇರಿ ಕ್ಯೂರಿ 1934ರಲ್ಲಿ ತೀರಿಕೊಂಡದ್ದು ಈ ಕಾಯಿಲೆಯಿಂದ. ಮಕ್ಕಳಲ್ಲಿ ಕಂಡರೆ ಫಾಂಕೋನಿ ಅನೀಮಿಯಾ ಎಂಬ ಆನುವಂಶಿಕ ಬಗೆಯನ್ನು ಪರೀಕ್ಷಿಸಲೇಬೇಕು, ಏಕೆಂದರೆ ಅದರ ಚಿಕಿತ್ಸೆಯ ಪ್ರಮಾಣಗಳೇ ಬೇರೆ.

ಚಿಕ್ಕ ವಯಸ್ಸಿನವರಿಗೆ ಹೊಂದುವ ಅಣ್ಣ, ತಮ್ಮ, ಅಕ್ಕ, ತಂಗಿ ಇದ್ದರೆ ಮಜ್ಜೆ ಕಸಿ ಮೊದಲ ಆಯ್ಕೆ. ಉಳಿದವರಿಗೆ ಟಿ ಕೋಶಗಳನ್ನು ಅಡಗಿಸಲು ಕುದುರೆಯ ರಕ್ತದಿಂದ ತಯಾರಿಸುವ ಎಟಿಜಿ ಮತ್ತು ಸೈಕ್ಲೊಸ್ಪೋರಿನ್, ಮಜ್ಜೆಯನ್ನು ಪ್ರಚೋದಿಸಲು ಎಲ್ಟ್ರೊಂಬೊಪಾಗ್ ಕೊಡುತ್ತಾರೆ. ಫಲ ಕಾಣಲು ತಿಂಗಳುಗಳೇ ಬೇಕು.

"ಕೆಂಪು ಕಣ ಮಾತ್ರ ನಿಂತುಹೋಗಿದೆ, ಉಳಿದದ್ದೆಲ್ಲ ಸರಿ ಇದೆ ಅಂತಾರೆ. ಹೀಗೂ ಆಗುತ್ತಾ?"

ಆಗುತ್ತದೆ, ಇದಕ್ಕೆ ಪ್ಯೂರ್ ರೆಡ್ ಸೆಲ್ ಅಪ್ಲೇಸಿಯಾ ಎನ್ನುತ್ತಾರೆ. ಎದೆಗೂಡಿನ ಥೈಮಸ್ ಗ್ರಂಥಿಯ ಗಡ್ಡೆ, ಕೆಲವು ಔಷಧಗಳು, ಲಿಂಫೋಮಾ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರ್ ಇದರ ಹಿಂದಿರಬಹುದು. ಹುಟ್ಟಿನಿಂದಲೇ ಬರುವ ಬಗೆಗೆ ಡೈಮಂಡ್–ಬ್ಲಾಕ್‌ಫ್ಯಾನ್ ಎಂಬ ಹೆಸರಿದೆ. ಪಾರ್ವೊ ಬಿ19 ವೈರಸ್ ಕೂಡ ಎಳೆಯ ಕೆಂಪು ಕಣಗಳನ್ನೇ ಹುಡುಕಿ ಕೊಲ್ಲುತ್ತದೆ. ಆರೋಗ್ಯವಂತರಲ್ಲಿ ಒಂದು ವಾರ ಉತ್ಪಾದನೆ ನಿಂತರೂ ಹಳೆಯ ಕಣಗಳು ಇರುವುದರಿಂದ ಗೊತ್ತೇ ಆಗುವುದಿಲ್ಲ. ಕುಡಗೋಲು ಕಣ (ಸಿಕಲ್ ಸೆಲ್) ಕಾಯಿಲೆ ಇರುವವರಲ್ಲಿ ಕಣದ ಆಯಸ್ಸೇ ಕೆಲವು ವಾರಗಳಷ್ಟಾದ್ದರಿಂದ ಹಿಮೋಗ್ಲೋಬಿನ್ ದಿಢೀರನೆ ಕುಸಿದು ಜೀವಕ್ಕೇ ಅಪಾಯವಾಗಬಹುದು.

"ಅಜ್ಜಿಗೆ 74. ಬಿ12 ಸರಿ ಇದೆ, ಐರನ್ ಸರಿ ಇದೆ, ಎಚ್‌ಬಿ ಮಾತ್ರ ಇಳೀತಾನೇ ಇದೆ. ವಯಸ್ಸಾದ್ದಕ್ಕಾ?"

ವಯಸ್ಸೊಂದೇ ಕಾರಣ ಎಂದು ಬಿಡಬಾರದು. ಎಂಸಿವಿ ಹೆಚ್ಚಿದ್ದು, ಬಿಳಿ ಕಣ ಅಥವಾ ಪ್ಲೇಟ್‌ಲೆಟ್ ಕೂಡ ಇಳಿಯುತ್ತಿದ್ದರೆ ಮೈಲೊಡಿಸ್‌ಪ್ಲಾಸ್ಟಿಕ್ ಸಿಂಡ್ರೋಮ್ ಇರಬಹುದು. ಇದರಲ್ಲಿ ಮಜ್ಜೆ ತುಂಬಿರುತ್ತದೆ, ಆದರೆ ಕಣಗಳು ಸೊಟ್ಟಸೊಟ್ಟಾಗಿ ಬೆಳೆದು ಹೊರಬರುವ ಮುನ್ನವೇ ಸಾಯುತ್ತವೆ. ಕೆಲವರಲ್ಲಿ ಇದು ಮುಂದೆ ರಕ್ತದ ಕ್ಯಾನ್ಸರಿಗೆ ತಿರುಗುತ್ತದೆ. ಮಜ್ಜೆಯ ಮತ್ತು ಕ್ರೋಮೊಸೋಮುಗಳ ಪರೀಕ್ಷೆಯಿಂದ ಯಾವ ಬಗೆ ಎಂದು ತಿಳಿಯುತ್ತದೆ, ಮಂದ ಬಗೆಯವರು ವರ್ಷಗಟ್ಟಲೆ ಚಿಕಿತ್ಸೆಯೊಡನೆ ಬದುಕುತ್ತಾರೆ.

"ಇಷ್ಟೆಲ್ಲ ಯಾಕೆ? ಎರಡು ಬಾಟಲಿ ರಕ್ತ ಹಾಕಿಸಿದರೆ ಸರಿಹೋಗಲ್ವಾ?"

ಒಂದು ಯೂನಿಟ್ ಕೆಂಪು ಕಣ ಹಿಮೋಗ್ಲೋಬಿನ್ ಅನ್ನು ಸುಮಾರು 1 ಗ್ರಾಂ ಏರಿಸುತ್ತದೆ, ಕೊಟ್ಟ ಕಣಗಳು ಕೆಲವು ವಾರಗಳಲ್ಲಿ ಸವೆಯುತ್ತವೆ. ಸ್ಥಿರವಾಗಿರುವ ರೋಗಿಗೆ ಸಾಮಾನ್ಯವಾಗಿ 7 ಗ್ರಾಂಗಿಂತ ಕೆಳಗಿಳಿದಾಗಷ್ಟೇ ಇದನ್ನು ಯೋಚಿಸುತ್ತಾರೆ, ಹೃದಯದ ಕಾಯಿಲೆ ಇದ್ದರೆ ಸ್ವಲ್ಪ ಮೊದಲೇ. ನಿಧಾನವಾಗಿ 4 ಗ್ರಾಂಗೆ ಇಳಿದವರಿಗೆ ಅವಸರದಿಂದ ರಕ್ತ ಹರಿಸಿದರೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ಪ್ರತಿ ಯೂನಿಟ್ಟಿನಲ್ಲೂ 200ರಿಂದ 250 ಮಿಲಿಗ್ರಾಂ ಕಬ್ಬಿಣ ಇರುವುದರಿಂದ, ಪದೇ ಪದೇ ಹಾಕಿಸಿಕೊಳ್ಳುವವರ ಹೃದಯ ಮತ್ತು ಯಕೃತ್ತಿನಲ್ಲಿ ಅದು ಶೇಖರವಾಗುತ್ತದೆ, ಅದನ್ನು ಹೊರತೆಗೆಯಲು ಬೇರೆ ಔಷಧ ಬೇಕಾಗುತ್ತದೆ. ಬಿ12 ಮುಂತಾದ ರಕ್ತಪರೀಕ್ಷೆಗಳಿಗೆ ಮಾದರಿಯನ್ನು ರಕ್ತ ಹಾಕುವ ಮೊದಲೇ ತೆಗೆದಿಡಬೇಕು, ಆಮೇಲೆ ತೆಗೆದರೆ ದಾನಿಯ ಕಣಗಳೂ ಬೆರೆತು ಚಿತ್ರ ಕಲಸಿಹೋಗುತ್ತದೆ.

ಅಪ್ಲಾಸ್ಟಿಕ್ ಅನೀಮಿಯಾದ ಅನುಮಾನ ಇದ್ದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಆಸ್ಪತ್ರೆಗೆ ಧಾವಿಸಿ ಬರುವ ಒಡಹುಟ್ಟಿದವರೇ ಮೊದಲು ತೋಳು ಚಾಚುತ್ತಾರೆ. ಆದರೆ ಅವರ ರಕ್ತವನ್ನು ರೋಗಿಗೆ ಕೊಟ್ಟರೆ ದೇಹ ಅದರ ವಿರುದ್ಧ ಪ್ರತಿಕಾಯಗಳನ್ನು ಬೆಳೆಸಿಕೊಂಡು, ಮುಂದೆ ಅವರದೇ ಮಜ್ಜೆಯನ್ನು ಕಸಿ ಮಾಡಬೇಕಾದಾಗ ತಿರಸ್ಕರಿಸುವ ಸಾಧ್ಯತೆ ಹೆಚ್ಚುತ್ತದೆ. ಆದ್ದರಿಂದ ಅಂಥ ರೋಗಿಗೆ ರಕ್ತ ಬೇರೆಯವರಿಂದ ಬರಬೇಕು. ಒಡಹುಟ್ಟಿದವರು ಆಗ ಕೊಡಬೇಕಾದದ್ದು ಮಜ್ಜೆ ಹೊಂದುತ್ತದೆಯೇ ಎಂದು ನೋಡುವ ಎಚ್‌ಎಲ್‌ಎ ಪರೀಕ್ಷೆಗೆ ಒಂದು ಸಣ್ಣ ಮಾದರಿಯನ್ನು ಮಾತ್ರ.